ಲಂಡನ್ ಸಿಟಿಯಲ್ಲಿ ಕೌನ್ಸಿಲರ್ ಆಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ ಸಿಟಿಯಲ್ಲಿ ನಾನು ಕೆಲಸಕ್ಕೆ ಸೇರಿ ಹತ್ತು ವರ್ಷ ದಾಟಿತು. 2022 ಮತ್ತು 2025ರ ಚುನಾವಣೆಗಳಲ್ಲಿ ಒಬ್ಬ ಪಕ್ಷೇತರ ಅಭ್ಯರ್ಥಿಯ ಪರವಾಗಿ ಕರಪತ್ರ ಹಿಡಿದು ಓಡಾಡಿದ್ದೇನೆ. ಅದಾದ ಮೇಲೆ ಇಲ್ಲಿನ ಕನ್ನಡ ಗೆಳೆಯರು, ಊರಿನ ನೆಂಟರು ಸಿಕ್ಕಾಗಲೆಲ್ಲ ಪ್ರಶ್ನೆ ಕೇಳುತ್ತಾರೆ. ಒಬ್ಬೊಬ್ಬರಿಗೂ ವಾಟ್ಸ್ಆ್ಯಪ್‌ನಲ್ಲಿ ಬರೆಯುವ ಬದಲು ಇಲ್ಲಿ ಎಲ್ಲವನ್ನೂ ಒಟ್ಟಿಗೆ ಬರೆದಿಟ್ಟಿದ್ದೇನೆ. ನೀವು ಸಿಟಿಯಲ್ಲಿ ಕೆಲಸ ಮಾಡುವವರಾದರೆ ದಯವಿಟ್ಟು ಮತದಾರರ ಪಟ್ಟಿಯ ಭಾಗವನ್ನಾದರೂ ಓದಿ.

ಸಿಟಿ ಅಂದರೆ ಲಂಡನ್ ಪೂರ್ತಿ ತಾನೆ?

ಅಲ್ಲ. ಎಲ್ಲರೂ ಮೊದಲು ಎಡವುವುದು ಇಲ್ಲೇ. ಲಂಡನ್ ಎಂಬ ದೊಡ್ಡ ಊರಿನ ನಡುವೆ 'ಸಿಟಿ ಆಫ್ ಲಂಡನ್' ಎಂಬ ಒಂದು ಚಿಕ್ಕ ಊರಿದೆ. ಒಟ್ಟು 2.9 ಚದರ ಕಿಲೋಮೀಟರ್. ಸುಮಾರು ಎರಡೂವರೆ ಕಬ್ಬನ್ ಪಾರ್ಕ್ ಸೇರಿಸಿದರೆ ಎಷ್ಟೋ ಅಷ್ಟು. ರೋಮನ್ನರ ಕಾಲದ ಕೋಟೆಗೋಡೆಯ ಒಳಗೆ ಬೆಳೆದ ಹಳೇ ಪಟ್ಟಣ ಅದು. ಬ್ಯಾಂಕ್ ಆಫ್ ಇಂಗ್ಲೆಂಡ್, ಲಾಯ್ಡ್ಸ್ ವಿಮಾ ಮಾರುಕಟ್ಟೆ, ಷೇರುಪೇಟೆ ಎಲ್ಲ ಇಲ್ಲೇ ಇವೆ.

ಬೆಂಗಳೂರಿನ ಪೇಟೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಇದ್ದ ಹಾಗೆ ಇಲ್ಲಿನ ವಾರ್ಡುಗಳಿಗೂ ಕಸುಬಿನ ಹೆಸರು. ಬ್ರೆಡ್ ಸ್ಟ್ರೀಟ್ ರೊಟ್ಟಿ ಮಾರುವವರದು, ವಿಂಟ್ರಿ ದ್ರಾಕ್ಷಾರಸದ ವ್ಯಾಪಾರಿಗಳದು, ಕಾರ್ಡ್‌ವೇನರ್ ಚಪ್ಪಲಿ ಹೊಲಿಯುವವರದು, ಕ್ಯಾಂಡಲ್‌ವಿಕ್ ಮೇಣದಬತ್ತಿಯವರದು. ಚೀಪ್ ಎಂಬ ವಾರ್ಡಿನ ಹೆಸರಿಗೂ ಅಗ್ಗಕ್ಕೂ ಸಂಬಂಧ ಇಲ್ಲ, ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಸಂತೆ ಎಂದೇ ಅರ್ಥ.

ನಮ್ಮ ನಾಡಿಗೂ ಈ ಜಾಗಕ್ಕೂ ನಂಟು ಹಳೆಯದು. ಈಗ ಲಾಯ್ಡ್ಸ್ ಕಟ್ಟಡ ನಿಂತಿರುವ ಲೆಡನ್‌ಹಾಲ್ ಬೀದಿಯಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇತ್ತು. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತು ತಂದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಅಲ್ಲೇ ಜನರಿಗೆ ತೋರಿಸುತ್ತಿದ್ದರು. ಕೋಲಾರದ ಚಿನ್ನದ ಗಣಿಗಳನ್ನು 1880ರ ದಶಕದಿಂದ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಚೇರಿಯೂ ಸಿಟಿಯಲ್ಲೇ ಇತ್ತು. ಆ ಬೀದಿಗಳಲ್ಲಿ ನಡೆಯುವಾಗ ನನಗೆ ಇದು ಪ್ರತಿ ಸಲ ನೆನಪಾಗುತ್ತದೆ. ನಮ್ಮ ಚಿನ್ನದ ಲೆಕ್ಕ ಬರೆದ ಜಾಗ ಇದು. ಇಲ್ಲಿನ ತೀರ್ಮಾನಗಳಲ್ಲಿ ನಮ್ಮವರೂ ಒಂದು ಮಾತು ಆಡಬೇಕು ಎಂದು ನನಗೆ ಬಲವಾಗಿ ಅನ್ನಿಸಲು ಅದೂ ಒಂದು ಕಾರಣ.

ಅಷ್ಟು ಚಿಕ್ಕ ಜಾಗಕ್ಕೆ ಎಷ್ಟು ಜನ ಪ್ರತಿನಿಧಿಗಳು?

ನೂರಾ ಇಪ್ಪತ್ತೈದು! 25 ವಾರ್ಡು, ವಾರ್ಡಿಗೆ ಒಬ್ಬ ಹಿರಿಯ ಪ್ರತಿನಿಧಿ, ಅಂದರೆ ಆಲ್ಡರ್‌ಮನ್, ಜೊತೆಗೆ ಒಟ್ಟು 100 ಕಾಮನ್ ಕೌನ್ಸಿಲರ್‌ಗಳು. ವಾರ್ಡು ನೋಡಿಕೊಂಡು ಎರಡರಿಂದ ಹತ್ತು ಸೀಟು ಇರುತ್ತದೆ. ಕೌನ್ಸಿಲರ್‌ಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ (2021ರದ್ದು ಮಾತ್ರ ಕೋವಿಡ್‌ನಿಂದಾಗಿ 2022ಕ್ಕೆ ಹೋಗಿತ್ತು). ಕಳೆದದ್ದು 2025ರ ಮಾರ್ಚ್ 20ಕ್ಕೆ ನಡೆಯಿತು. ಆಲ್ಡರ್‌ಮನ್‌ಗಳು ಆರು ವರ್ಷಕ್ಕೊಮ್ಮೆಯಾದರೂ ಮತ್ತೆ ಜನರ ಮುಂದೆ ಹೋಗಬೇಕು.

ರಾತ್ರಿ ಇಲ್ಲಿ ಮಲಗುವವರು, ಅಂದರೆ ನಿವಾಸಿಗಳು, 2021ರ ಜನಗಣತಿಯ ಪ್ರಕಾರ ಸುಮಾರು 8,600. ಹಗಲು ಕೆಲಸಕ್ಕೆ ಬರುವವರು 6 ಲಕ್ಷಕ್ಕಿಂತ ಜಾಸ್ತಿ. ಇಲ್ಲಿನ ರಾಜಕೀಯ ಅರ್ಥವಾಗಬೇಕಾದರೆ ಈ ಎರಡು ಸಂಖ್ಯೆ ತಲೆಯಲ್ಲಿದ್ದರೆ ಸಾಕು.

ಕಂಪನಿಗಳಿಗೂ ಮತ ಇದೆಯಂತೆ, ನಿಜವಾ?

ನಿಜ, ಆದರೆ ನೇರವಾಗಿ ಅಲ್ಲ. ಕಂಪನಿ ತನ್ನ ಕೆಲಸಗಾರರಲ್ಲಿ ಕೆಲವರನ್ನು ಮತದಾರರೆಂದು ನೇಮಿಸುತ್ತದೆ. ಆಮೇಲೆ ಅವರು ತಮಗೆ ಬೇಕಾದವರಿಗೆ ಗುಟ್ಟಾಗಿ ಮತ ಹಾಕುತ್ತಾರೆ. ಇಂಥವರಿಗೇ ಹಾಕು ಎಂದು ಕಂಪನಿ ಹೇಳುವಂತಿಲ್ಲ.

ಬ್ರಿಟನ್ನಿನ ಬೇರೆ ಊರುಗಳಲ್ಲಿ ವ್ಯಾಪಾರಸ್ಥರ ಮತ 1969ರಲ್ಲೇ ರದ್ದಾಯಿತು. ಸಿಟಿಯಲ್ಲಿ ಮಾತ್ರ ಉಳಿಯಿತು. ಮೊದಲು ಸ್ವಂತ ಅಂಗಡಿ ಇಟ್ಟವರು ಮತ್ತು ಪಾಲುದಾರಿಕೆ ಸಂಸ್ಥೆಗಳವರಿಗೆ ಮಾತ್ರ ಮತವಿತ್ತು. 2002ರ ಕಾಯಿದೆ ಅದನ್ನು ಎಲ್ಲ ಸಂಸ್ಥೆಗಳಿಗೂ ವಿಸ್ತರಿಸಿತು. ಲೆಕ್ಕ ಹೀಗಿದೆ: ಒಂಬತ್ತು ಜನರವರೆಗೆ ಒಂದು ಮತ, ಆಮೇಲೆ ಐದು ಜನರಿಗೆ ಒಂದರಂತೆ ಐವತ್ತು ಜನರಿಗೆ ಹತ್ತು, ಅದಕ್ಕಿಂತ ದೊಡ್ಡ ಸಂಸ್ಥೆಗೆ ಮುಂದಿನ ಪ್ರತಿ ಐವತ್ತು ಜನರಿಗೆ ಇನ್ನೊಂದು. ಐನೂರು ಜನರ ಕಚೇರಿಗೆ 19 ಮತ. ಸಾವಿರ ಜನರ ಕಚೇರಿಗೆ 29. ಅಂದರೆ ಕಂಪನಿ ದೊಡ್ಡದಾದಷ್ಟೂ ತಲಾ ಲೆಕ್ಕದಲ್ಲಿ ಮತ ಕಡಿಮೆಯಾಗುತ್ತದೆ. ಬೇಕರಿ, ಕ್ಷೌರದಂಗಡಿ, ಚರ್ಚು, ದತ್ತಿ ಸಂಸ್ಥೆಗಳಿಗೂ ಇದೇ ಹಕ್ಕು.

ನೇಮಕವಾಗುವವರಿಗೆ 18 ತುಂಬಿರಬೇಕು, ಮತ ಹಾಕುವ ಪೌರತ್ವದ ಅರ್ಹತೆ ಇರಬೇಕು, ಸಾಮಾನ್ಯವಾಗಿ ಆ ಸಂಸ್ಥೆಗಾಗಿ ಸಿಟಿಯಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿರಬೇಕು. ಮನೆ ಇರುವ 'ಬರೋ'ದಲ್ಲಿ, ಅಂದರೆ ಲಂಡನ್ನಿನ ಸ್ಥಳೀಯ ಆಡಳಿತದ ವಿಭಾಗದಲ್ಲಿ, ಹಾಕುವ ಮತ ಬೇರೆ, ಅದು ಹಾಗೇ ಇರುತ್ತದೆ.

ಇದು ನ್ಯಾಯವೇ? ದುಡ್ಡಿದ್ದವರ ಆಳ್ವಿಕೆ ಅಲ್ವಾ ಇದು?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವ ಇದೆ. ಲೇಬರ್ ಪಕ್ಷವೇ ಬಹಳ ವರ್ಷ ಸಿಟಿಯನ್ನು ಆಳುವ ಈ ಕಾರ್ಪೊರೇಷನ್ ರದ್ದು ಮಾಡುತ್ತೇವೆ ಎನ್ನುತ್ತಿತ್ತು, 1996ರಲ್ಲಿ ಆ ಮಾತು ಕೈಬಿಟ್ಟಿತು. 1835ರಲ್ಲಿ ದೇಶದ ಪಟ್ಟಣಸಭೆಗಳನ್ನೆಲ್ಲ ಸುಧಾರಣೆ ಮಾಡಿದ ಕಾಯಿದೆ ಕೂಡ ಸಿಟಿಯನ್ನು ಮುಟ್ಟಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಆರು ಲಕ್ಷ ಜನ ದಿನವಿಡೀ ಓಡಾಡುವ ಬೀದಿಯ ಬಗ್ಗೆ ಎಂಟು ಸಾವಿರ ಜನ ಮಾತ್ರ ತೀರ್ಮಾನಿಸುವುದೂ ಸರಿಯಲ್ಲ. ಆದರೆ ಆರು ಲಕ್ಷ ಜನರ ಪರವಾಗಿ ಯಾರು ಮತ ಹಾಕಬೇಕು ಎಂಬುದನ್ನು ಮಾಲೀಕರೇ ಆರಿಸುವುದು ಇನ್ನೂ ದೊಡ್ಡ ಕೊರತೆ. ಮತದಾರರ ಪಟ್ಟಿ ನೋಡಿದರೆ ಮೇಲಿನ ಅಧಿಕಾರಿಗಳ ಹೆಸರುಗಳೇ ತುಂಬಿರುವ ಸಂಸ್ಥೆಗಳಿವೆ. ನೇಮಕವಾದವರಲ್ಲಿ ಇಡೀ ಕಚೇರಿಯ ಛಾಯೆ ಕಾಣಲಿ ಎಂದು ಕಾರ್ಪೊರೇಷನ್ ಕೇಳಿಕೊಳ್ಳುತ್ತದೆ. ಕೇಳಿಕೊಂಡರೆ ಸಾಲದು, ರಿಸೆಪ್ಷನ್‌ನಲ್ಲಿ ಕೂರುವವರು, ಪೋಸ್ಟ್ ರೂಮಿನವರು, ರಾತ್ರಿ ಪಾಳಿಯವರು ಪಟ್ಟಿಯಲ್ಲಿ ಇರಲೇಬೇಕು ಎಂದು ನಿಯಮ ಬರಬೇಕು. ನಾನು ಓಡಾಡಿದ್ದು ಆ ಮಾತು ಆಡುವ ಅಭ್ಯರ್ಥಿಯ ಪರವಾಗಿ.

ನೂರರಲ್ಲಿ ಇಪ್ಪತ್ತು ಸೀಟು ಮಾತ್ರ ನಾಲ್ಕು ವಸತಿ ವಾರ್ಡುಗಳಿಗೆ ಸೇರಿದ್ದು: ಆಲ್ಡರ್ಸ್‌ಗೇಟ್, ಕ್ರಿಪಲ್‌ಗೇಟ್, ಪೋರ್ಟ್‌ಸೋಕನ್, ಕ್ವೀನ್‌ಹೈತ್. ಅಲ್ಲಿನ ನಿವಾಸಿಗಳಿಗೆ ನಮ್ಮ ಧ್ವನಿ ಮುಳುಗಿಹೋಗುತ್ತದೆ ಎಂಬ ಬೇಸರ ಇದೆ. ಆ ಬೇಸರದಲ್ಲಿ ಅರ್ಥ ಇದೆ.

ನನ್ನದು ಭಾರತದ ಪಾಸ್‌ಪೋರ್ಟ್. ಮತ ಹಾಕಬಹುದಾ? ನಿಲ್ಲಬಹುದಾ?

ಮತ ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಬ್ರಿಟನ್ನಿನಲ್ಲಿ ಸರಿಯಾದ ವೀಸಾದ ಮೇಲೆ ಇರುವ ಭಾರತೀಯರಿಗೆ ಮತದ ಹಕ್ಕಿದೆ. ಎಷ್ಟೋ ವರ್ಷದಿಂದ ಇಲ್ಲಿರುವ ನಮ್ಮವರಿಗೇ ಇದು ಗೊತ್ತಿಲ್ಲ. ಚುನಾವಣೆಗೆ ನಿಲ್ಲಲು ಮಾತ್ರ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಸಿಕ್ಕಿರಬೇಕು. ಜೊತೆಗೆ ಸಿಟಿಯ ಯಾವುದಾದರೂ ವಾರ್ಡಿನ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲವೇ ಅಲ್ಲಿ ಜಾಗ ಸ್ವಂತಕ್ಕೋ ಗುತ್ತಿಗೆಗೋ ಇರಬೇಕು, ಇಲ್ಲವೇ ಹಿಂದಿನ ಹನ್ನೆರಡು ತಿಂಗಳು ಅಲ್ಲಿ ವಾಸವಾಗಿರಬೇಕು.

ಕನ್ನಡಿಗರಿಗೆ ಲಂಡನ್ನಿನ ಸ್ಥಳೀಯ ರಾಜಕೀಯ ಹೊಸದಲ್ಲ. ಕಲಬುರಗಿ ಕಡೆಯ ನೀರಜ್ ಪಾಟೀಲರು ನದಿಯ ಆಚೆ ದಂಡೆಯ ಲ್ಯಾಂಬೆತ್ ಬರೋದಲ್ಲಿ ಕೌನ್ಸಿಲರ್ ಆಗಿ, ಮೇಯರ್ ಕೂಡ ಆದರು. 2015ರ ನವೆಂಬರ್‌ನಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಓಡಾಟದಿಂದ.

ಫ್ರೀಮನ್ ಆಗಬೇಕಂತೆ, ಅದೇನು?

ಹೌದು, ಅಭ್ಯರ್ಥಿ 'ಸಿಟಿಯ ಫ್ರೀಮನ್' ಆಗಿರಬೇಕು. 1237ರಷ್ಟು ಹಿಂದೆಯೇ ದಾಖಲೆಯಲ್ಲಿ ಸಿಗುವ ಪದ್ಧತಿ. ಅಂದು ಇದು ಸಿಕ್ಕವರಿಗೆ ಮಾತ್ರ ಸಿಟಿಯಲ್ಲಿ ವ್ಯಾಪಾರ ಮಾಡುವ ಹಕ್ಕು. ಇಂದು ಅರ್ಜಿ, ಸೂಚಿಸುವವರು, ಒಂದು ಚಿಕ್ಕ ಸಮಾರಂಭ. ಹೆದರುವಂಥದ್ದೇನೂ ಇಲ್ಲ. ಆದರೆ ಸಮಯ ಹಿಡಿಯುತ್ತದೆ, ನಾಮಪತ್ರದ ವಾರದಲ್ಲಿ ನೆನಪಾದರೆ ಕೆಲಸ ಕೆಟ್ಟಂತೆ.

ಯಾವ ಪಕ್ಷದಿಂದ ನಿಲ್ಲಬೇಕು? ಎಷ್ಟು ಖರ್ಚು?

ಹೆಚ್ಚಿನವರು ಪಕ್ಷೇತರರೇ. 2017ರಲ್ಲಿ ಲೇಬರ್ ಐದು ಸೀಟು ಗೆದ್ದಾಗ ಅದೇ ದೊಡ್ಡ ಸುದ್ದಿಯಾಯಿತು. ಠೇವಣಿ ಇಲ್ಲ. ಕೆಲವು ವಾರ್ಡುಗಳಲ್ಲಿ ಎದುರಾಳಿಯೇ ಇಲ್ಲದೆ ಅವಿರೋಧ ಆಯ್ಕೆಯೂ ಆಗುತ್ತದೆ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ.

ಕಷ್ಟ ಇರುವುದು ಪ್ರಚಾರದಲ್ಲಿ. ನಮ್ಮ ತಂದೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರು. ಬೆಳಿಗ್ಗೆ ಆರಕ್ಕೇ ಮನೆ ಕಟ್ಟೆಯ ಮೇಲೆ ಜನ ಕೂತಿರುತ್ತಿದ್ದರು. ಒಬ್ಬರಿಗೆ ನಲ್ಲಿ, ಇನ್ನೊಬ್ಬರಿಗೆ ಪಿಂಚಣಿ, ಮತ್ತೊಬ್ಬರಿಗೆ ಬದುವಿನ ಜಗಳ. ಇಲ್ಲಿ ಕಟ್ಟೆಯೇ ಇಲ್ಲ. ಮತದಾರ ಸಂಜೆ ಆರಕ್ಕೆ ರೈಲು ಹತ್ತಿ ಕ್ರಾಯ್ಡನ್ನಿಗೋ ಹ್ಯಾರೋಗೋ ಹೋಗಿಬಿಡುತ್ತಾನೆ. ಅವನ ಕಚೇರಿಗೆ ಹೋದರೆ ಸೆಕ್ಯುರಿಟಿಯವರು ಪಾಸ್ ಕೇಳುತ್ತಾರೆ. ನಾವು ಮಾಡಿದ್ದು ಇಷ್ಟು: ಫೆಬ್ರವರಿಯ ಚಳಿಯಲ್ಲಿ ಬೆಳಿಗ್ಗೆ ಏಳೂವರೆಗೆ ಸ್ಟೇಷನ್ ಬಾಗಿಲಲ್ಲಿ ನಿಂತು ಕರಪತ್ರ ಕೊಟ್ಟೆವು, ಪಟ್ಟಿಯಲ್ಲಿರುವವರಿಗೆ ಒಬ್ಬೊಬ್ಬರಿಗೂ ಹೆಸರು ಬರೆದು ಪತ್ರ ಹಾಕಿದೆವು, ಮಧ್ಯಾಹ್ನ ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಅಂಗಡಿಯ ಸಾಲಿನಲ್ಲಿ ಮಾತಾಡಿಸಿದೆವು. ಹತ್ತರಲ್ಲಿ ಎಂಟು ಜನ "ನನಗೆ ಇಲ್ಲೊಬ್ಬ ಕೌನ್ಸಿಲರ್ ಇದ್ದಾರಾ?" ಎಂದೇ ಕೇಳಿದರು.

ಸಂಬಳ ಎಷ್ಟು?

ಊರಿಂದ ಫೋನ್ ಮಾಡಿದಾಗ ನಮ್ಮ ಚಿಕ್ಕಪ್ಪನ ಮೊದಲ ಪ್ರಶ್ನೆ ಇದೇ. ಸಂಬಳ ಇಲ್ಲ. ಬಹಳ ಕಾಲ ಒಂದು ಪೈಸೆಯೂ ಇರಲಿಲ್ಲ, ಈಚೆಗೆ ಬೇಕೆನ್ನುವವರು ಒಂದು ಭತ್ಯೆ ಪಡೆಯಬಹುದು. ನನ್ನ ಪ್ರಕಾರ ಇದು ತಡವಾಗಿ ಬಂದ ಒಳ್ಳೆಯ ಕೆಲಸ. ಪುಕ್ಕಟೆ ಸೇವೆ ಅಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಹಾಗಿದ್ದಾಗ ಉಳ್ಳವರು, ನಿವೃತ್ತರು ಮಾತ್ರ ಬರುತ್ತಾರೆ, ಮಕ್ಕಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವವರು ಬರುವುದೇ ಇಲ್ಲ.

ಕೆಲಸದಲ್ಲಿರುವವರಿಗೆ ಒಂದು ಮಾತು. 1996ರ ಉದ್ಯೋಗ ಹಕ್ಕುಗಳ ಕಾಯಿದೆಯ ಪ್ರಕಾರ ಕೌನ್ಸಿಲರ್ ಕೆಲಸಕ್ಕೆ ಮಾಲೀಕರು ಒಂದು ಮಿತಿಯಲ್ಲಿ ಬಿಡುವು ಕೊಡಬೇಕು. ಆ ಹೊತ್ತಿಗೆ ಸಂಬಳ ಕೊಡಲೇಬೇಕು ಎಂದಿಲ್ಲ.

ಕೌನ್ಸಿಲರ್‌ಗೆ ದಿನಾ ಏನು ಕೆಲಸ?

ಗಿಲ್ಡ್‌ಹಾಲ್ ಎಂಬ ಕಟ್ಟಡದಲ್ಲಿ ಸಭೆ ಸೇರುತ್ತಾರೆ. ಅದರ ದೊಡ್ಡ ಸಭಾಂಗಣ ಕಟ್ಟಲು ಶುರುಮಾಡಿದ್ದು 1411ರಲ್ಲಿ. 1666ರ ಬೆಂಕಿಗೂ 1940ರ ಬಾಂಬಿಗೂ ಅದರ ಚಾವಣಿ ಹೋಯಿತು, ಗೋಡೆ ನಿಂತಿತು. ಪೂರ್ಣ ಸಭೆ ಗುರುವಾರ ನಡೆಯುತ್ತದೆ, ಯಾರು ಬೇಕಾದರೂ ಹೋಗಿ ಕೂತು ನೋಡಬಹುದು. ನಿಜವಾದ ಕೆಲಸ ನಡೆಯುವುದು ಸಮಿತಿಗಳಲ್ಲಿ. ಒಂದೊಂದು ಸಭೆಗೂ ನೂರಾರು ಪುಟ ಓದಬೇಕು. ಓದದೆ ಬಂದವರು ಕೂಡಲೇ ಗೊತ್ತಾಗುತ್ತಾರೆ.

ಬ್ಯಾಂಕ್ ಜಂಕ್ಷನ್ನಿನ ಉದಾಹರಣೆ ಹೇಳುತ್ತೇನೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಎದುರು ಹಲವು ರಸ್ತೆ ಸೇರುವ ಕೂಡು ಅದು. 2015ರಲ್ಲಿ ಅಲ್ಲಿ ಒಬ್ಬ ಸೈಕಲ್ ಸವಾರಿಣಿ ಲಾರಿಗೆ ಸಿಕ್ಕಿ ಸತ್ತರು. 2017ರ ಮೇ ತಿಂಗಳಿಂದ ವಾರದ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಬಸ್ಸು, ಸೈಕಲ್ ಬಿಟ್ಟು ಬೇರೆ ವಾಹನ ಬೇಡ ಎಂದರು. ಟ್ಯಾಕ್ಸಿಯವರು ಹೊಟ್ಟೆಪಾಡಿನ ಮಾತಾಡಿದರು. ಸರಿಯಾಗಿ ನಡೆಯಲಾಗದ ಹಿರಿಯರು ನಮಗೆ ಟ್ಯಾಕ್ಸಿಯೇ ಗತಿ ಎಂದರು. ಪಾದಚಾರಿಗಳು ಈಗಲಾದರೂ ಉಸಿರಾಡುವಂತಾಯಿತು ಎಂದರು. ವರ್ಷಗಟ್ಟಲೆ ಚರ್ಚೆಯಾಗಿ 2024ರಲ್ಲಿ ಟ್ಯಾಕ್ಸಿಗಳನ್ನು ಪರೀಕ್ಷೆಗಾಗಿ ಬಿಡೋಣ ಎಂದು ಸಭೆ ಮತ ಹಾಕಿತು. ಇಂಥ ವಿಷಯದಲ್ಲಿ ಪಕ್ಷದ ವಿಪ್ ಇರುವುದಿಲ್ಲ. ಕೌನ್ಸಿಲರ್ ತಾನೇ ಯೋಚಿಸಿ ಕೈ ಎತ್ತಬೇಕು, ಮರುದಿನ ಅದೇ ರಸ್ತೆ ದಾಟಬೇಕು.

ಇನ್ನೊಂದು ಕಟ್ಟಡಗಳ ಅನುಮತಿ. ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ದೂರದಿಂದ ಕಾಣುವಂತಿರಬೇಕು ಎಂದು 1930ರ ದಶಕದಿಂದ ಎತ್ತರದ ಕಟ್ಟುಪಾಡು ಇದೆ. ಅದಕ್ಕೇ ಗಗನಚುಂಬಿಗಳೆಲ್ಲ ಪೂರ್ವದ ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿವೆ. ಅದೇ ಮೂಲೆಯಲ್ಲಿ 1701ರ ಬೆವಿಸ್ ಮಾರ್ಕ್ಸ್ ಯಹೂದಿ ಪ್ರಾರ್ಥನಾಮಂದಿರವೂ ಇದೆ. ಪಕ್ಕದಲ್ಲಿ ಗೋಪುರ ಎದ್ದರೆ ಒಳಗೆ ಬೀಳುವ ಬೆಳಕು ಹೋಗುತ್ತದೆ ಎಂದು ಅಲ್ಲಿನವರು ಬೇಡಿಕೊಂಡರು. 2021ರಲ್ಲಿ ಸಮಿತಿ ಆ ಗೋಪುರವನ್ನು ತಿರಸ್ಕರಿಸಿತು. ಬೆಳಕು ಒಂದು ಆಸ್ತಿ ಎಂದು ನನಗೆ ಮನವರಿಕೆಯಾದದ್ದು ಆ ಚರ್ಚೆಯಿಂದ.

ಮನಸ್ಸಿಗೆ ಭಾರವಾದದ್ದು ಸ್ಮಿತ್‌ಫೀಲ್ಡ್ ವಿಷಯ. ಎಂಟು ನೂರು ವರ್ಷಕ್ಕಿಂತ ಹಳೆಯ ಮಾಂಸದ ಮಾರುಕಟ್ಟೆ ಅದು, ಊರು ಮಲಗಿದಾಗ ಏಳುವ ಜಾಗ. ಪೂರ್ವ ಲಂಡನ್ನಿನ ಡಾಗೆನಮ್‌ಗೆ ಸಾಗಿಸುವ ಯೋಜನೆ ಇತ್ತು, ಖರ್ಚು ಹೆಚ್ಚೆಂದು 2024ರ ನವೆಂಬರ್‌ನಲ್ಲಿ ಕೈಬಿಟ್ಟರು. 2028ರವರೆಗಾದರೂ ಅಲ್ಲೇ ಇರಬಹುದು, ಆಮೇಲೆ ಬೇರೆ ಕಡೆ ಹೋಗಲು ನೆರವು ಕೊಡುತ್ತೇವೆ ಎಂದರು. ಒಂದು ಕಸುಬಿನ ಬೀದಿ ಖಾಲಿಯಾಗುವುದು ನೋಡಲು ಕಷ್ಟ.

ಉಳಿದಂತೆ ಸಣ್ಣ ಕೆಲಸಗಳು. ಗಲ್ಲಿಯಲ್ಲಿ ದೀಪ ಇಲ್ಲ, ಬೆಂಚು ಮುರಿದಿದೆ, ಬಾರ್ಬಿಕನ್ ಫ್ಲ್ಯಾಟಿನಲ್ಲಿ ನೀರು ಸೋರುತ್ತಿದೆ, ಗೋಲ್ಡನ್ ಲೇನಿನಲ್ಲಿ ಕಿಟಕಿ ರಿಪೇರಿ ಆಗಿಲ್ಲ. ತಂದೆಯ ಕಟ್ಟೆಯ ಮೇಲೆ ಕೇಳಿದ ಮಾತುಗಳೇ ಇವು.

ಕೌನ್ಸಿಲ್ ಹೇಳಿದ್ದೆಲ್ಲ ಆಗಿಬಿಡುತ್ತದಾ?

ಇಲ್ಲ. 'ಟ್ಯೂಲಿಪ್' ಎಂಬ ಎತ್ತರದ ವೀಕ್ಷಣಾ ಗೋಪುರಕ್ಕೆ 2019ರಲ್ಲಿ ಸಿಟಿ ಒಪ್ಪಿಗೆ ಕೊಟ್ಟಿತು. ಲಂಡನ್ ಮೇಯರ್ ಬೇಡವೆಂದರು. 2021ರಲ್ಲಿ ಸರ್ಕಾರವೂ ಬೇಡವೆಂದಿತು. ಅಲ್ಲಿಗೆ ಮುಗಿಯಿತು.

ಸಭೆಯೇ ಮನಸ್ಸು ಬದಲಿಸಿದ್ದೂ ಇದೆ. ಗುಲಾಮರ ದುಡಿಮೆಯಿಂದ ಶ್ರೀಮಂತನಾದ, ಎರಡು ಸಲ ಲಾರ್ಡ್ ಮೇಯರ್ ಆಗಿದ್ದ ವಿಲಿಯಂ ಬೆಕ್‌ಫರ್ಡ್‌ನ ಪ್ರತಿಮೆ ಗಿಲ್ಡ್‌ಹಾಲ್‌ನಲ್ಲಿದೆ. ತೆಗೆಯೋಣ ಎಂದು 2021ರ ಜನವರಿಯಲ್ಲಿ ಮತ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇರಲಿ, ಅವನು ಮಾಡಿದ್ದನ್ನು ಬರೆದು ಹಾಕೋಣ ಎಂದರು.

ಲಾರ್ಡ್ ಮೇಯರ್ ಅಂದರೆ ಸಾದಿಕ್ ಖಾನ್ ಅಲ್ವಾ?

ಅಲ್ಲ. ಅವರು ಇಡೀ ಲಂಡನ್ನಿನ ಮೇಯರ್, 2016ರಿಂದ. ಸಿಟಿಯ ಲಾರ್ಡ್ ಮೇಯರ್ ಬೇರೆ, 1189ರಿಂದ ಬಂದ ಹುದ್ದೆ. ವರ್ಷಕ್ಕೊಬ್ಬರು. ಹಳೇ ಕಸುಬಿನ ಸಂಘಗಳ ಸದಸ್ಯರು ಆಲ್ಡರ್‌ಮನ್‌ಗಳ ನಡುವಿನಿಂದ ಆರಿಸುತ್ತಾರೆ. ಅವರು ಮೊದಲು ಶೆರಿಫ್ ಎಂಬ ಸಿಟಿಯ ಇನ್ನೊಂದು ಹಳೇ ಹುದ್ದೆಯಲ್ಲಿ ಇದ್ದಿರಬೇಕು. ಎಂಟು ಶತಮಾನದಲ್ಲಿ ಮೂವರೇ ಹೆಂಗಸರು: 1983ರಲ್ಲಿ ಮೇರಿ ಡೊನಾಲ್ಡ್‌ಸನ್, 2013ರಲ್ಲಿ ಫಿಯೋನಾ ವುಲ್ಫ್, 2025ರಲ್ಲಿ ಸೂಸನ್ ಲ್ಯಾಂಗ್ಲಿ. 'ಲೇಡಿ ಮೇಯರ್' ಎಂದು ಕರೆಸಿಕೊಂಡ ಮೊದಲಿಗರು ಈ ಮೂರನೆಯವರು. ಕೌನ್ಸಿಲ್ಲಿನ ಆಡಳಿತದ ಚುಕ್ಕಾಣಿ ಮಾತ್ರ ನೀತಿ ಮತ್ತು ಸಂಪನ್ಮೂಲ ಸಮಿತಿಯ ಅಧ್ಯಕ್ಷರ ಕೈಯಲ್ಲಿ.

ಸಿಟಿಯ ಕೌನ್ಸಿಲರ್‌ಗೆ ಸಿಟಿಯ ಹೊರಗೂ ಕೆಲಸವಂತೆ?

ಹೌದು. ಎಪ್ಪಿಂಗ್ ಕಾಡು 1878ರಿಂದ, ಹ್ಯಾಂಪ್‌ಸ್ಟೆಡ್ ಹೀತ್ 1989ರಿಂದ ಈ ಕಾರ್ಪೊರೇಷನ್ನಿನ ಉಸ್ತುವಾರಿಯಲ್ಲಿವೆ. ಥೇಮ್ಸ್ ಮೇಲಿನ ಐದು ಸೇತುವೆಗಳನ್ನು ಒಂದು ಹಳೇ ದತ್ತಿನಿಧಿಯಿಂದ ನೋಡಿಕೊಳ್ಳುತ್ತಾರೆ, ಟವರ್ ಬ್ರಿಡ್ಜ್ ಕೂಡ. ಸಿಟಿಗೆ ಸ್ವಂತ ಪೊಲೀಸ್ ಪಡೆ ಇದೆ, ದೇಶದ ವಂಚನೆ ಪ್ರಕರಣಗಳಿಗೆ ಅದೇ ಮುಂದಾಳು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಹಿತಾಸಕ್ತಿಯ ತೊಡಕು ಬರುವುದಿಲ್ಲವಾ?

ಬರುತ್ತದೆ. ಗೆದ್ದು 28 ದಿನದೊಳಗೆ ಉದ್ಯೋಗ, ಆಸ್ತಿ, ಷೇರು ಎಲ್ಲ ಘೋಷಿಸಬೇಕು. ಗಂಡ ಅಥವಾ ಹೆಂಡತಿಯದನ್ನೂ ಸೇರಿಸಿ. ನಿಮ್ಮ ಹಣಕಾಸಿಗೆ ನೇರವಾಗಿ ತಾಗುವ ವಿಷಯದಲ್ಲಿ ಮಾತಾಡುವಂತಿಲ್ಲ, ಮತ ಹಾಕುವಂತಿಲ್ಲ. 2011ರ ಕಾಯಿದೆಯ ಪ್ರಕಾರ ಮುಚ್ಚಿಡುವುದು ಅಪರಾಧ. ಸಂಶಯ ಬಂದರೆ ಅಧಿಕಾರಿಗಳನ್ನು ಮೊದಲೇ ಕೇಳಿ.

ಬೆಂಗಳೂರಿಗೆ ಹೋಲಿಸಿದರೆ?

ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ 198 ವಾರ್ಡುಗಳ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಲಕ್ಷಗಟ್ಟಲೆ ಜನರಿಗೆ ತಮ್ಮ ಮೋರಿಯ ಬಗ್ಗೆ ಕೇಳಲು ತಾವು ಆರಿಸಿದ ಒಬ್ಬ ವ್ಯಕ್ತಿಯೂ ಇರಲಿಲ್ಲ. ಇಲ್ಲಿ ಪ್ರತಿನಿಧಿಗಳಿದ್ದಾರೆ, ಅವರು ಯಾರೆಂದು ಜನರಿಗೆ ಗೊತ್ತಿಲ್ಲ. ನನಗೆ ಎರಡೂ ಸಂಕಟವೇ.

ಪಟ್ಟಿಯಲ್ಲಿ ಹೆಸರು ಬರಲು ಏನು ಮಾಡಬೇಕು?

ನಿಮ್ಮ ಕಚೇರಿಯ ಎಚ್‌ಆರ್ ಅಥವಾ ಆಡಳಿತ ವಿಭಾಗಕ್ಕೆ ಸೆಪ್ಟೆಂಬರ್‌ನಲ್ಲೇ ಬರೆದು ಕೇಳಿ: ಸಿಟಿ ವಾರ್ಡ್ ಪಟ್ಟಿಯ ಅರ್ಜಿ ಯಾರ ಹತ್ತಿರ ಇದೆ, ನಮಗೆಷ್ಟು ಮತ ಬರುತ್ತದೆ, ಯಾರನ್ನು ನೇಮಿಸಿದ್ದೀರಿ? ಡಿಸೆಂಬರ್ ಮಧ್ಯದೊಳಗೆ ಅರ್ಜಿ ಸೇರಬೇಕು. ಪಟ್ಟಿ ಪ್ರತಿ ವರ್ಷ ಹೊಸದಾಗಿ ಆಗುತ್ತದೆ, ಹಾಗಾಗಿ ಹೋದ ವರ್ಷ ಇದ್ದೆ ಎಂದು ಸುಮ್ನೆ ಇರಬೇಡಿ. ನಾನು ಮೊದಲು ಇದ್ದ ಒಂದು ಕಂಪನಿಯಲ್ಲಿ ಆ ಲಕೋಟೆ ಯಾರದೋ ಮೇಜಿನ ಮೇಲೆ ಬಿದ್ದೇ ಇತ್ತು, ಜನವರಿಯಲ್ಲಿ ತೆರೆದರು. ಹತ್ತಾರು ಮತ ಹಾಗೇ ಹೋಯಿತು. ಈಗಿನ ಕಚೇರಿಯಲ್ಲಿ ಅಕ್ಟೋಬರ್ ಮೊದಲ ವಾರ ನಾನೇ ಹೋಗಿ ಕೇಳುತ್ತೇನೆ, ಪೋಸ್ಟ್ ರೂಮಿನವರ ಹೆಸರು ಸೇರಿದೆಯಾ ಎಂದೂ ನೋಡುತ್ತೇನೆ. ಕೆಲಸಕ್ಕೆ ಸೇರಿ ಒಂದು ವರ್ಷ ಆಗದವರ ಹೆಸರು ಹಾಕಿದರೆ ಅರ್ಜಿ ವಾಪಸ್ ಬರಬಹುದು, ಸೇರಿದ ದಿನಾಂಕ ನೋಡಿಯೇ ಬರೆಯಿರಿ.